ಮುದ್ದೆ ಅಗಿಯಬೇಕಾ, ನುಂಗಬೇಕಾ? ಗಂಟಲಿಂದ ಕರುಳಿನವರೆಗೆ ನಮ್ಮ ಗುಂಪಿನ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಪೋಷಕರ ಗುಂಪಿನಲ್ಲಿ ಹತ್ತನೇ ಕ್ಲಾಸಿನ 'ಜೀವಕ್ರಿಯೆಗಳು' ಪಾಠದ ಚಿತ್ರದಿಂದ ಶುರುವಾದ ಮಾತು ಮುದ್ದೆ, ಗ್ಯಾಸು, ಬಿಕ್ಕಳಿಕೆ ಎಲ್ಲಕ್ಕೂ ಹೋಗಿದೆ. ಅಡ್ಮಿನ್ ಅವರು ಪ್ರಶ್ನೆಗಳನ್ನು ಒಟ್ಟು ಮಾಡಿ ಕೊಟ್ಟಿದ್ದಾರೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವವಳು. ಯಾವ ಅಂಗ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿ, ಹೇಳುತ್ತೇನೆ. ಮಾತ್ರೆ ಹೆಸರು ಮಾತ್ರ ಕೇಳಬೇಡಿ.

ಪ್ರಶ್ನೆ (ಕೋಲಾರದಿಂದ ಒಬ್ಬ ತಂದೆ): ಮೇಡಂ, ಮಗಳು ಚಿತ್ರ ಬರೆಯುವಾಗ ಅನ್ನನಾಳ, ಶ್ವಾಸನಾಳ ಎರಡನ್ನೂ ಅಕ್ಕಪಕ್ಕ ಬರೆದಿದ್ದಾಳೆ. ನನಗೂ ಹಾಗೇ ಅನ್ನಿಸಿತ್ತು. ನಿಜವಾಗಿ ಯಾವುದು ಎಲ್ಲಿದೆ?

ಉತ್ತರ: ಅಕ್ಕಪಕ್ಕ ಅಲ್ಲ, ಹಿಂದೆ ಮುಂದೆ. ಗಾಳಿ ಹೋಗುವ ಶ್ವಾಸನಾಳ ಮುಂದೆ, ಊಟ ಹೋಗುವ ಅನ್ನನಾಳ ಅದರ ಬೆನ್ನಿಗೆ, ಬೆನ್ನುಮೂಳೆಯ ಮುಂದೆ. ಮಗಳಿಗೆ ಕತ್ತಿನ ಮುಂಭಾಗ ಮೆಲ್ಲಗೆ ಮುಟ್ಟಿ ನೋಡು ಅನ್ನಿ. ಗಂಟಲ ಗಂಟಿನ ಕೆಳಗೆ ಗಟ್ಟಿಯಾಗಿ ಏಣು ಏಣಾಗಿ ಕೈಗೆ ಸಿಗುತ್ತದಲ್ಲ, ಅದೇ ಶ್ವಾಸನಾಳ. ಅನ್ನನಾಳ ಕೈಗೆ ಸಿಗುವುದೇ ಇಲ್ಲ. ಅದು ಮೆತ್ತಗಿನ ಮಾಂಸದ ಕೊಳವೆ, ಊಟ ಇಲ್ಲದಾಗ ಚಪ್ಪಟೆಯಾಗಿ ಮಲಗಿರುತ್ತದೆ.

ದೊಡ್ಡವರಲ್ಲಿ ಶ್ವಾಸನಾಳ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಅದರ ಗೋಡೆಯಲ್ಲಿ ಮೃದ್ವಸ್ಥಿಯ, ಅಂದರೆ ಕಿವಿಯಲ್ಲಿರುವಂಥ ಮೆದು ಮೂಳೆಯ, 16ರಿಂದ 20 ಉಂಗುರಗಳಿವೆ. ಅವು ಇರುವುದರಿಂದಲೇ ಕತ್ತು ಬಗ್ಗಿಸಿದರೂ ದಾರಿ ಮುಚ್ಚುವುದಿಲ್ಲ. ಆದರೆ ಉಂಗುರ ಪೂರ್ತಿ ಸುತ್ತು ಇಲ್ಲ, ಹಿಂಭಾಗ ತೆರೆದಿದೆ. ಆ ಜಾಗದಲ್ಲಿ ಮೂಳೆಯೂ ಇಲ್ಲ, ಮೃದ್ವಸ್ಥಿಯೂ ಇಲ್ಲ, ಬರೀ ಮಾಂಸದ ಪರದೆ. ತುತ್ತು ಇಳಿಯುವಾಗ ಹಿಂದಿನ ಅನ್ನನಾಳ ಉಬ್ಬಬೇಕಲ್ಲ, ಅದಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಇದನ್ನು ಪುಸ್ತಕಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಮಟನ್ ಅಂಗಡಿ. ಮಾಂಸ ತಿನ್ನುವ ಮನೆಯವರಾದರೆ ಭಾನುವಾರ ಅಂಗಡಿಯವರನ್ನು ಕೇಳಿ, ಕುರಿಯ ಶ್ವಾಸನಾಳ ಶ್ವಾಸಕೋಶದ ಜೊತೆಗೇ ಸಿಗುತ್ತದೆ. ಮುಂಭಾಗದಲ್ಲಿ ಬೆರಳಾಡಿಸಿದರೆ ಉಂಗುರ ಕಟಕಟ ಅಂತ ಸಿಗುತ್ತವೆ, ಹಿಂದೆ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಒಮ್ಮೆ ಮುಟ್ಟಿದ ಹುಡುಗಿ ಪರೀಕ್ಷೆಯಲ್ಲಿ ತಪ್ಪು ಬರೆಯುವುದಿಲ್ಲ. ಸೈಕಲ್ ಪಂಪಿನಿಂದ ಗಾಳಿ ಹಾಕಿ ನೋಡಬಹುದು, ಬಾಯಿಟ್ಟು ಊದಬೇಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹೊಟ್ಟೆಯ ಭಾಗಕ್ಕೆ ಮಾತ್ರ ಕುರಿ ಬೇಡ. ಬೋಟಿ ತೊಳೆದವರಿಗೆ ಗೊತ್ತು, ಅದರ ಜಠರಕ್ಕೆ 4 ಕೋಣೆ. ನಮ್ಮದು ಒಂದೇ.

ಪ್ರಶ್ನೆ (ಶ್ರೀನಿವಾಸಪುರದಿಂದ ಒಬ್ಬರು): ಮೇಡಂ, ನಾನು ಧಾರವಾಡದ ಕಡೆಯವಳು, ಮದುವೆಯಾಗಿ ಈ ಕಡೆ ಬಂದೆ. ನಮ್ಮಲ್ಲಿ ರೊಟ್ಟಿ ಚೆನ್ನಾಗಿ ಅಗಿದು ತಿನ್ನಬೇಕು ಅಂತಾರೆ. ಇಲ್ಲಿ ಮುದ್ದೆ ಅಗಿದರೆ ಅತ್ತೆ ನಗ್ತಾರೆ. ಅಗಿಯದೆ ನುಂಗಿದರೆ ಜೀರ್ಣ ಆಗುತ್ತಾ? ಮಕ್ಕಳಿಗೆ ಏನು ಕಲಿಸಲಿ?

ಉತ್ತರ: ಅಮ್ಮ, ಈ ವಿಷಯದಲ್ಲಿ ನಿಮ್ಮ ಅತ್ತೆಯವರ ಕಡೆ ನಾನು. ಆದರೆ ಪೂರ್ತಿ ಅಲ್ಲ.

ಬಾಯಲ್ಲಿ ಎರಡು ಕೆಲಸ ನಡೆಯುತ್ತವೆ. ಹಲ್ಲು ಪುಡಿ ಮಾಡುತ್ತದೆ, ಎಂಜಲು ಒದ್ದೆ ಮಾಡಿ ಪಿಷ್ಟ ಒಡೆಯಲು ಶುರು ಮಾಡುತ್ತದೆ. ದಿನಕ್ಕೆ ಸುಮಾರು 1ರಿಂದ ಒಂದೂವರೆ ಲೀಟರ್ ಎಂಜಲು ನಮ್ಮಲ್ಲಿ ಊರುತ್ತದೆ. ಅದರಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಸಕ್ಕರೆಯ ಚೂರುಗಳಾಗಿ ಒಡೆಯುತ್ತದೆ. ಅನ್ನ ತುಂಬ ಹೊತ್ತು ಅಗಿದರೆ ಸಿಹಿ ಅನ್ನಿಸುವುದು ಅದಕ್ಕೇ.

ಮುದ್ದೆಗೆ ಹಲ್ಲಿನ ಕೆಲಸ ಬೇಕಾಗಿಲ್ಲ. ರಾಗಿಯನ್ನು ಗಿರಣಿಯಲ್ಲಿ ಹಿಟ್ಟು ಮಾಡಿ ಆಗಿದೆ, ಕುದಿಯುವ ನೀರಲ್ಲಿ ಬೇಯಿಸಿ ಆಗಿದೆ, ಕೋಲು ಹಾಕಿ ಗಂಟಿಲ್ಲದಂತೆ ತೊಳಸಿ ಆಗಿದೆ. ಇನ್ನು ಅಗಿಯಲು ಹೋದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ ಅಷ್ಟೆ. ಎಂಜಲಿನ ಕೆಲಸ ಕಡಿಮೆಯಾಗುವುದು ನಿಜ. ಆದರೆ ಅದರಿಂದ ನಷ್ಟವಿಲ್ಲ, ಯಾಕೆಂದರೆ ಪಿಷ್ಟ ಒಡೆಯುವ ದೊಡ್ಡ ಪಾಲು ಕೆಲಸ ಬಾಯಲ್ಲಿ ನಡೆಯುವುದೇ ಇಲ್ಲ.

ತುತ್ತಿನ ಹಿಂದೆಯೇ ಹೋಗಿ ನೋಡೋಣ. ಅನ್ನನಾಳ ಸುಮಾರು 25 ಸೆಂಟಿಮೀಟರ್. ತುತ್ತು ಅದರೊಳಗೆ ಸುಮ್ನೆ ಬೀಳುವುದಿಲ್ಲ. ಗೋಡೆಯ ಮಾಂಸ ಹಿಂದಿನಿಂದ ಹಿಂಡುತ್ತಾ ಕೆಳಗೆ ತಳ್ಳುತ್ತದೆ. ತಲೆಕೆಳಗಾಗಿ ನಿಂತು ನುಂಗಿದರೂ ಊಟ ಜಠರಕ್ಕೇ ಹೋಗುತ್ತದೆ. ಸಾರಿನಲ್ಲಿ ಅದ್ದಿದ ಮುದ್ದೆ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಒಣ ಮುದ್ದೆ ಎದೆಯ ಹತ್ತಿರ ಸಿಕ್ಕಿದ ಹಾಗೆ ಆಗುವುದು ನಿಮಗೂ ಗೊತ್ತಿರಬೇಕು. ಬಸ್ಸಾರು, ಮಸ್ಸೊಪ್ಪು ಬರೀ ರುಚಿಗಲ್ಲ, ಜಾರುವುದಕ್ಕೂ ಬೇಕು.

ಜಠರ ಅದನ್ನು ಆಮ್ಲದಲ್ಲಿ ಕಲಸಿ, ಹಿಂಡಿ, ಗಂಜಿಯ ಹದಕ್ಕೆ ತರುತ್ತದೆ. ಅದರ ಕೆಳಬಾಗಿಲು ಬಿಗಿ. ಹೆಚ್ಚೂಕಡಿಮೆ 2 ಮಿಲಿಮೀಟರಿಗಿಂತ ಸಣ್ಣ ಚೂರಾದ ಮೇಲೇ ಊಟ ಮುಂದೆ ಹೋಗುತ್ತದೆ. ಮುದ್ದೆ ಬೇಗ ಕರಗುತ್ತದೆ. ಆಮೇಲೆ ಸಣ್ಣಕರುಳಿನ ಮೊದಲ ಭಾಗಕ್ಕೆ, ಅಂದರೆ ಡ್ಯುಯೋಡಿನಮ್‌ಗೆ ಬರುತ್ತದೆ. ಇದು 25 ಸೆಂಟಿಮೀಟರ್ ಉದ್ದದ ಚಿಕ್ಕ ಜಾಗ, ಆದರೆ ಇಡೀ ಜೀರ್ಣಕ್ರಿಯೆಯ ಮುಖ್ಯ ಅಡ್ಡೆ ಇದೇ. ಲಿವರ್‌ನಿಂದ ಪಿತ್ತರಸ ಇಲ್ಲಿಗೆ ಬಂದು ಎಣ್ಣೆ ಅಂಶವನ್ನು ಸಣ್ಣ ಹನಿ ಮಾಡುತ್ತದೆ. ಮೇದೋಜೀರಕ ಗ್ರಂಥಿಯ ರಸವೂ ಇಲ್ಲಿಗೇ ಬರುತ್ತದೆ. ಅದರಲ್ಲೂ ಅಮೈಲೇಸ್ ಇದೆ, ಅದೂ ಬಾಯಲ್ಲಿರುವುದಕ್ಕಿಂತ ಬಹಳ ಜಾಸ್ತಿ. ನಿಮ್ಮ ಮುದ್ದೆ ನಿಜವಾಗಿ ಕರಗುವುದು ಇಲ್ಲಿ.

ನನ್ನ ಆಕ್ಷೇಪ ಇರುವುದು ಸಾರಿನಲ್ಲಿರುವ ವಸ್ತುಗಳ ಬಗ್ಗೆ. ಮುದ್ದೆ ನುಂಗುವ ಅಭ್ಯಾಸದಲ್ಲಿ ಅವರೆಕಾಳು, ಸೊಪ್ಪಿನ ದಂಟು, ಮಟನ್ ತುಂಡು ಎಲ್ಲವನ್ನೂ ಹಾಗೇ ಇಳಿಸುವವರಿದ್ದಾರೆ. ಅವನ್ನು ಅಗಿಯಲೇಬೇಕು. ಸಿಪ್ಪೆಯನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಇಡೀ ಕಾಳು ನುಂಗಿದರೆ ಒಳಗಿನ ತಿರುಳಿಗೆ ರಸ ಸರಿಯಾಗಿ ತಾಗುವುದಿಲ್ಲ. ಸಿಪ್ಪೆ ತೆಗೆದ ಹಿತಕಿದ ಅವರೆ ಹಗುರ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಮಕ್ಕಳಿಗೆ ಬೆರಳ ತುದಿಯಷ್ಟು ಸಣ್ಣ ಉಂಡೆ, ಸಾರು ಜಾಸ್ತಿ. ಸ್ಟ್ರೋಕ್ ಆದವರಿಗೆ, ನುಂಗಲು ಕಷ್ಟ ಇರುವ ವಯಸ್ಸಾದವರಿಗೆ ಮುದ್ದೆ ಬೇಡ. ಅದು ಅಂಟು, ಗಂಟಲಲ್ಲಿ ನಿಂತರೆ ಅಪಾಯ. ಅವರಿಗೆ ಏನು ಕೊಡಬಹುದು ಅಂತ ವೈದ್ಯರನ್ನು ಕೇಳಿ. ಇನ್ನೊಂದು ಮಾತು, ಸಕ್ಕರೆ ಕಾಯಿಲೆಯವರು ರಾಗಿ ಅಲ್ವಾ ಅಂತ ಲೆಕ್ಕವಿಲ್ಲದೆ ತಿನ್ನುವುದು ಬೇಡ. ನಾರು ಇದೆ, ಅಕ್ಕಿಗಿಂತ ಒಳ್ಳೆಯದು, ಒಪ್ಪುತ್ತೇನೆ. ಆದರೂ ಅದರಲ್ಲಿ ಜಾಸ್ತಿ ಇರುವುದು ಪಿಷ್ಟವೇ.

ಅದೇ ಸದಸ್ಯೆ: ಥ್ಯಾಂಕ್ಸ್ ಮೇಡಂ. ಅತ್ತೆಗೆ ಓದಿ ಹೇಳಿದೆ. ಮೊದಲ ಸಾಲು ಮಾತ್ರ ಕೇಳಿಸಿಕೊಂಡರು.

ಪ್ರಶ್ನೆ (ಮಾಲೂರಿನಿಂದ): ಊಟ ನೆತ್ತಿಗೆ ಹತ್ತಿದಾಗ ತಲೆ ತಟ್ಟುತ್ತೇವಲ್ಲ, ಅದರಿಂದ ಉಪಯೋಗ ಇದೆಯಾ?

ಉತ್ತರ: ಯಾರೋ ನೆನೆಸಿಕೊಂಡರು ಅಂತ ಸಮಾಧಾನ ಆಗುತ್ತದೆ, ಅಷ್ಟೆ. ನೆತ್ತಿಗೆ ಏನೂ ಹತ್ತುವುದಿಲ್ಲ.

ಮೂಗಿಂದ ಬರುವ ಗಾಳಿ, ಬಾಯಿಂದ ಬರುವ ಊಟ ಎರಡೂ ಗಂಟಲಲ್ಲಿ ಒಂದೇ ಜಾಗಕ್ಕೆ ಬರುತ್ತವೆ. ಅಲ್ಲಿಂದ ಗಾಳಿ ಮುಂದಿನ ಕೊಳವೆಗೆ ಹೋಗಬೇಕು, ಊಟ ಹಿಂದಿನದಕ್ಕೆ. ಅಂದರೆ ಎರಡು ದಾರಿ ಒಂದನ್ನೊಂದು ಅಡ್ಡ ಹಾಯುತ್ತವೆ. ಬಂಗಾರಪೇಟೆ ಕಡೆಯ ರೈಲ್ವೆ ಗೇಟು ನೆನಪಿಸಿಕೊಳ್ಳಿ. ರೈಲು ಬರುವಾಗ ರಸ್ತೆಯ ಗೇಟು ಬೀಳಲೇಬೇಕು. ಇಲ್ಲೂ ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲಲೇಬೇಕು.

ಒಂದು ಬೆರಳನ್ನು ಗಂಟಲ ಗಂಟಿನ ಮೇಲಿಟ್ಟು ಎಂಜಲು ನುಂಗಿ. ಗಂಟು ಮೇಲಕ್ಕೆ ಜಿಗಿದು ಕೆಳಗಿಳಿಯಿತು ಅಲ್ವಾ? ಅದು ಧ್ವನಿಪೆಟ್ಟಿಗೆ. ಅದು ಮೇಲೆದ್ದು ನಾಲಿಗೆಯ ಬುಡಕ್ಕೆ ಸೇರಿದಾಗ ಎಪಿಗ್ಲಾಟಿಸ್ ಅನ್ನುವ ಎಲೆಯಾಕಾರದ ಮೃದ್ವಸ್ಥಿ ಹಿಂದಕ್ಕೆ ಬಾಗಿ ಬಾಗಿಲು ಮುಚ್ಚುತ್ತದೆ. ಒಳಗಡೆ ಧ್ವನಿತಂತುಗಳೂ ಒಂದಕ್ಕೊಂದು ಒತ್ತಿಕೊಂಡು ಮುಚ್ಚುತ್ತವೆ. ಅದೇ ಹೊತ್ತಿಗೆ ಬಾಯಿಯ ಮೇಲ್ಗೋಡೆಯ ಮೆತ್ತಗಿನ ಭಾಗ ಎದ್ದು ಮೂಗಿನ ದಾರಿಯನ್ನೂ ಮುಚ್ಚುತ್ತದೆ. ಕನ್ನಡಿಯಲ್ಲಿ ಬಾಯಿ ತೆರೆದರೆ ತೂಗಾಡುತ್ತಾ ಕಾಣುವುದು ಎಪಿಗ್ಲಾಟಿಸ್ ಅಲ್ಲ. ಅದು ಈ ಮೆತ್ತಗಿನ ಭಾಗದ ತುದಿ. ಎಪಿಗ್ಲಾಟಿಸ್ ಇನ್ನೂ ಕೆಳಗಿದೆ, ಸಾಮಾನ್ಯವಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಡುವೆ ನಗು ಬಂದರೆ, ಮಾತಾಡಿದರೆ, ಬಾಗಿಲು ತೆರೆದುಬಿಡುತ್ತದೆ. ಸಾರಿನ ಒಂದು ಹನಿ ಧ್ವನಿತಂತಿಗೆ ತಾಗಿದರೂ ಕೆಮ್ಮು ಒತ್ತರಿಸಿ ಬರುತ್ತದೆ. ಹನಿ ಮೂಗಿನ ಕಡೆ ಹೋದರೆ ಉರಿ. ಖಾರದ ಸಾರಾದರೆ ಕೇಳುವುದೇ ಬೇಡ. ಆ ಉರಿಯೇ ನೆತ್ತಿಯವರೆಗೆ ಹೋದ ಹಾಗೆ ಅನ್ನಿಸುತ್ತದೆ.

ಕೆಮ್ಮುತ್ತಿರುವವರನ್ನು ಕೆಮ್ಮಲು ಬಿಡಿ. ಅದೇ ಮದ್ದು. ಕೆಮ್ಮಿನ ಮಧ್ಯೆ ನೀರು ಕುಡಿಸಬೇಡಿ, ಅದೂ ತಪ್ಪು ದಾರಿ ಹಿಡಿಯಬಹುದು.

ಪ್ರಶ್ನೆ (ಮುಳಬಾಗಿಲಿನಿಂದ ಒಬ್ಬ ತಾಯಿ): ಮೇಡಂ, ಎರಡು ವರ್ಷದ ಮಗ. ಹೋದ ವಾರ ಕಡಲೆಬೀಜ ತಿನ್ನುತ್ತಾ ಓಡಾಡುವಾಗ ಜೋರಾಗಿ ಕೆಮ್ಮಿ ಮುಖ ಕೆಂಪಾಯಿತು. ಆಮೇಲೆ ಸರಿ ಹೋದ. ಈಗ ಕೆಮ್ಮು ನಿಲ್ಲುತ್ತಿಲ್ಲ, ಉಸಿರಾಡುವಾಗ ಸುಯ್ ಅನ್ನುತ್ತದೆ. ಎಕ್ಸ್‌ರೇ ತೆಗೆಸಿದೆವು, ಏನೂ ಕಾಣಲಿಲ್ಲ. ಶೀತ ಇರಬಹುದಾ?

ಉತ್ತರ: ಅಮ್ಮ, ಇದನ್ನು ಓದಿದ ಕೂಡಲೇ ಮಗುವನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆಗೆ ಬಿಡಬೇಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. 'ಕಡಲೆಬೀಜ ತಿನ್ನುವಾಗ ಕೆಮ್ಮಿದ, ಅಲ್ಲಿಂದಲೇ ಶುರುವಾಯಿತು' ಅನ್ನುವ ಮಾತನ್ನು ಮೊದಲೇ ಹೇಳಿ. ವೈದ್ಯರಿಗೆ ಎಕ್ಸ್‌ರೇಗಿಂತ ಆ ಮಾತು ಮುಖ್ಯ.

ಎಕ್ಸ್‌ರೇಯಲ್ಲಿ ನಾಣ್ಯ, ಪಿನ್ನು ಚೆನ್ನಾಗಿ ಕಾಣುತ್ತವೆ. ಕಡಲೆಬೀಜ, ಹುಣಸೆಬೀಜ, ಪ್ಲಾಸ್ಟಿಕ್ ಚೂರು ಕಾಣುವುದಿಲ್ಲ. ಹಾಗಾಗಿ ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ. ಅನುಮಾನ ಇದ್ದರೆ ಬ್ರಾಂಕೋಸ್ಕೋಪಿ ಮಾಡುತ್ತಾರೆ. ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಂದ ಶ್ವಾಸನಾಳದೊಳಗೆ ಕೊಳವೆ ಇಳಿಸಿ, ನೋಡಿ, ಸಿಕ್ಕಿದ್ದನ್ನು ಅದರಿಂದಲೇ ಹೊರಗೆ ತೆಗೆಯುತ್ತಾರೆ.

ಹೋದದ್ದು ಎಲ್ಲಿಗೆ ಅಂತ ಬೇರೆಯವರಿಗೂ ಹೇಳಿಬಿಡುತ್ತೇನೆ. ಶ್ವಾಸನಾಳ ಎದೆಯೊಳಗೆ ಎರಡಾಗಿ ಒಡೆಯುತ್ತದೆ. ಬಲಗಡೆಯ ಕವಲು ಅಗಲ, ಗಿಡ್ಡ, ಹೆಚ್ಚು ನೇರ. ಎಡಗಡೆಯದು ಹೃದಯದ ಕಡೆ ಓರೆಯಾಗಿ ಹೋಗುತ್ತದೆ. ತಪ್ಪಿ ಒಳಗೆ ಹೋದ ಬೀಜ ಹೆಚ್ಚಾಗಿ ಬಲಕ್ಕೆ ಬೀಳುವುದು ಅದಕ್ಕೇ. ಮೊದಲ ಕೆಮ್ಮಿನ ಆಮೇಲೆ ಮಗು ಸುಮ್ಮನಾಗುವುದೂ ಇದೆ. ಅಪ್ಪ ಅಮ್ಮ ನಿಟ್ಟುಸಿರು ಬಿಡುತ್ತಾರೆ. ಒಳಗೆ ಬೀಜ ನೀರು ಹೀರಿ ಊದುತ್ತದೆ, ಅದರ ಎಣ್ಣೆಯಿಂದ ಸುತ್ತಲಿನ ಗೋಡೆಗೆ ಉರಿಯೂತ ಬರುತ್ತದೆ. ಒಂದೇ ಕಡೆ ಸುಯ್ ಅನ್ನುವುದು, ವಾಸಿಯಾಗದ ಕೆಮ್ಮು, ಮತ್ತೆ ಮತ್ತೆ ನ್ಯುಮೋನಿಯಾ ಎಲ್ಲ ಹೀಗೆ ಶುರುವಾಗುತ್ತವೆ.

ಎರಡು ವರ್ಷಕ್ಕೆ ಹಿಂದಿನ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಮುಂದಿನ ಹಲ್ಲಿನಿಂದ ಕಚ್ಚುತ್ತವೆ, ಅರೆಯಲು ಆಗುವುದಿಲ್ಲ. ನಮ್ಮ ಕಡೆ ಹೊಲದಿಂದ ಕಡಲೆಕಾಯಿ ಬಂದಾಗ ಮನೆ ತುಂಬ ಅದೇ. ಆದರೂ 4-5 ವರ್ಷದವರೆಗೆ ಇಡೀ ಬೀಜ ಕೊಡಬೇಡಿ. ಪುಡಿ ಮಾಡಿ ಕೊಡಿ, ಕೂರಿಸಿ ಕೊಡಿ.

ಕೆಮ್ಮಲೂ ಆಗದೆ, ಅಳಲೂ ಆಗದೆ ಒದ್ದಾಡಿದರೆ ಕಾಯುವ ಹಾಗಿಲ್ಲ. ಮುಂದಕ್ಕೆ ಬಗ್ಗಿಸಿ ಎರಡು ಭುಜಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಏಟು. ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ಮತ್ತೆ ಬೆನ್ನಿಗೆ 5. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಕವುಚಿ ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ 5 ಏಟು. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಿ. ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು, ಶುರು ಮಾಡಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ತಳ್ಳಿದ ಹಾಗೆ ಆಗುತ್ತದೆ.

ಅದೇ ತಾಯಿ: ಹೊರಟೆವು ಮೇಡಂ.

ಉತ್ತರ: ದಾರಿಯಲ್ಲಿ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಪ್ರಶ್ನೆ (ಕೆಜಿಎಫ್‌ನಿಂದ): ನಮ್ಮಪ್ಪ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿ ಇಷ್ಟು ವರ್ಷ ಆಯಿತು, ಉಸಿರಾಟದ ತೊಂದರೆ ಮಾತ್ರ ಈಗ ಜಾಸ್ತಿ ಆಗುತ್ತಿದೆ. ಧೂಳು ಬಿಟ್ಟ ಮೇಲೂ ಯಾಕೆ?

ಉತ್ತರ: ಅಣ್ಣ, ಗಣಿ ಮುಚ್ಚಿದ್ದು 2001ರಲ್ಲಿ. ಆದರೆ ಒಳಗೆ ಹೋದ ಧೂಳು ಅಲ್ಲೇ ಇರುತ್ತದೆ.

ದಪ್ಪ ಧೂಳನ್ನು ಮೂಗಿನ ಕೂದಲು, ಲೋಳೆ ಹಿಡಿಯುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ, ಅವು ಲೋಳೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಬೆಳಿಗ್ಗೆ ಕಫದಲ್ಲಿ ಧೂಳು ಬರುವುದು ಹೀಗೆ. ಬಂಡೆಯ ಸಿಲಿಕಾ ಧೂಳು ಇದಕ್ಕಿಂತ ತುಂಬ ನುಣ್ಣಗೆ. ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಅದು ಕೊನೆಯ ಗಾಳಿಗೂಡುಗಳವರೆಗೆ ಹೋಗುತ್ತದೆ. ಎರಡೂ ಶ್ವಾಸಕೋಶ ಸೇರಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಗಾಳಿಯ ಆಮ್ಲಜನಕ ರಕ್ತಕ್ಕೆ ದಾಟುವುದು ಅಲ್ಲೇ. ಅಲ್ಲಿ ರೋಮ ಇಲ್ಲ. ಕಾವಲಿಗಿರುವ ಜೀವಕೋಶಗಳು ಸಿಲಿಕಾ ಕಣವನ್ನು ನುಂಗುತ್ತವೆ, ಆದರೆ ಅರಗಿಸಲಾಗದೆ ಸಾಯುತ್ತವೆ. ಕಣ ಹೊರಬರುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ. ಪ್ರತಿ ಸಲ ಸ್ವಲ್ಪ ಗಾಯ, ಸ್ವಲ್ಪ ಕಲೆ. ತೆಳುವಾಗಿದ್ದ ಪರದೆ ದಪ್ಪ ನಾರಾಗುತ್ತದೆ. ಕಲೆಯಾದ ಭಾಗ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕೆಲಸ ಬಿಟ್ಟು ಹತ್ತಾರು ವರ್ಷದ ಮೇಲೂ ಸಿಲಿಕೋಸಿಸ್ ಕಾಣಿಸಿಕೊಳ್ಳುವುದು ಇದಕ್ಕೇ.

ಅಪ್ಪನಿಗೆ ಎದೆ ಪರೀಕ್ಷೆ ಮಾಡಿಸಿ, ಗಣಿಯಲ್ಲಿ ಕೆಲಸ ಮಾಡಿದ್ದನ್ನು ತಪ್ಪದೆ ಹೇಳಿ. ಟಿಬಿ ಪರೀಕ್ಷೆಯನ್ನೂ ಮಾಡಿಸಿ, ಸಿಲಿಕಾ ಧೂಳು ತಿಂದ ಶ್ವಾಸಕೋಶಕ್ಕೆ ಟಿಬಿ ಬೇಗ ಹತ್ತುತ್ತದೆ. ಬೀಡಿ ಇದ್ದರೆ ಇವತ್ತೇ ಬಿಡಿಸಿ. ಚಿಕ್ಕಬಳ್ಳಾಪುರದ ಕಡೆ ಕ್ರಷರ್‌ನಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲೂ ಇದ್ದೀರಿ. ಮುಖಕ್ಕೆ ಟವೆಲ್ ಕಟ್ಟಿದರೆ ಈ ಧೂಳು ನಿಲ್ಲುವುದಿಲ್ಲ. ನೀರು ಹಾಯಿಸಿ ಧೂಳು ಅಡಗಿಸುವುದು, ಸರಿಯಾದ ಮಾಸ್ಕ್ ಕೊಡುವುದು ಮಾಲೀಕರ ಕೆಲಸ. ಕೇಳಿ ಪಡೆಯಿರಿ.

ಪ್ರಶ್ನೆ (ಪಿಯು ವಿದ್ಯಾರ್ಥಿ): ಮೇಡಂ, ಬಿಕ್ಕಳಿಕೆ ಯಾಕೆ ಬರುತ್ತದೆ?

ಉತ್ತರ: ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನುವ ಮಾಂಸದ ಪರದೆ ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತದೆ. ಗಾಳಿ ಒಳನುಗ್ಗುವಷ್ಟರಲ್ಲಿ ಧ್ವನಿತಂತು ಮುಚ್ಚಿ 'ಹಿಕ್' ಅನ್ನುತ್ತದೆ. ಎರಡು ದಿನಕ್ಕಿಂತ ಜಾಸ್ತಿ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗು.

ಪ್ರಶ್ನೆ (ಟೊಮೆಟೊ ಮಂಡಿಯಿಂದ): ಮಂಡಿ ಕೆಲಸ ಮುಗಿಸಿ ಊಟ ಮಾಡುವಾಗ ರಾತ್ರಿ ಹತ್ತೂವರೆ. ತಿಂದ ತಕ್ಷಣ ಮಲಗುತ್ತೇನೆ. ಎದೆ ಉರಿ, ಹುಳಿತೇಗು. ಗ್ಯಾಸ್ ಅಂತ ಸೋಡಾ ಕುಡಿಯುತ್ತೇನೆ. ಸರಿನಾ?

ಉತ್ತರ: ಸೋಡಾ ಬಿಡಿ ಅಣ್ಣ. ಅದು ಗ್ಯಾಸನ್ನೇ ಒಳಗೆ ಹಾಕುತ್ತದೆ.

ಜಠರ ಇರುವುದು ಹೊಕ್ಕುಳ ಹತ್ತಿರ ಅಲ್ಲ. ಎಡಪಕ್ಕೆಲುಬಿನ ಕೆಳಗೆ, ವಪೆಗೆ ತಾಗಿಕೊಂಡು. ಅನ್ನನಾಳ ವಪೆಯ ತೂತಿನಿಂದ ಇಳಿದು ಅದಕ್ಕೆ ಸೇರುತ್ತದೆ. ಸೇರುವ ಜಾಗದಲ್ಲಿ ಮಾಂಸ ಬಿಗಿಯಾಗಿ ಹಿಡಿದು ಆಮ್ಲ ಮೇಲೆ ಬರದಂತೆ ತಡೆಯುತ್ತದೆ. ಹೊಟ್ಟೆ ತುಂಬ ತಿಂದು ಮಲಗಿದರೆ ಆ ಹಿಡಿತ ಸಡಿಲವಾಗುತ್ತದೆ. ಜಠರದ ಒಳಗೋಡೆಗೆ ಲೋಳೆಯ ಕಾಪು ಇದೆ, ಅನ್ನನಾಳಕ್ಕೆ ಅಷ್ಟಿಲ್ಲ. ಹಾಗಾಗಿ ಉರಿ. ಊಟಕ್ಕೂ ಮಲಗುವುದಕ್ಕೂ ನಡುವೆ 2-3 ಗಂಟೆ ಬಿಡುವುದು ಒಳ್ಳೆಯದು. ನಿಮ್ಮ ಕೆಲಸಕ್ಕೆ ಅದು ಆಗದಿದ್ದರೆ ಸಂಜೆ ಏಳಕ್ಕೇ ಮಂಡಿಯಲ್ಲೇ ಊಟ ಮುಗಿಸಿ, ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಸಾಕು. ತಲೆ ಕಡೆ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಎಡಮಗ್ಗುಲಲ್ಲಿ ಮಲಗಿ, ಆಗ ಜಠರ ಅನ್ನನಾಳದ ಬಾಯಿಗಿಂತ ಕೆಳಗೆ ಬರುತ್ತದೆ.

ಒಂದು ಎಚ್ಚರಿಕೆ. ಹೃದಯವೂ ವಪೆಯ ಮೇಲೇ ಕೂತಿದೆ, ಜಠರಕ್ಕೆ ಪಕ್ಕದ ಮನೆ. ಎದೆ ಹಿಂಡಿದ ಹಾಗೆ ಆಗಿ ಬೆವರು, ತೋಳಿಗೆ ಅಥವಾ ದವಡೆಗೆ ನೋವು ಬಂದರೆ ಗ್ಯಾಸ್ ಅಂತ ಮನೆಯಲ್ಲಿ ಕೂರಬೇಡಿ. ಇಸಿಜಿ ಮಾಡಿಸಿ.

ಪ್ರಶ್ನೆ (ಬಂಗಾರಪೇಟೆಯಿಂದ): ತಂಗಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ನೋವು ಹೊಕ್ಕುಳ ಸುತ್ತ ಶುರುವಾಗಿತ್ತು, ಅಜ್ಜಿ ಹರಳೆಣ್ಣೆ ಕುಡಿಸೋಣ ಅಂದರು. ಅಪೆಂಡಿಕ್ಸ್ ಇರುವುದು ಬಲಗಡೆ ಅಲ್ವಾ, ಮಧ್ಯದಲ್ಲಿ ಯಾಕೆ ನೋವು?

ಉತ್ತರ: ಒಳ್ಳೆಯ ಪ್ರಶ್ನೆ. ಕರುಳಿಗೆ ನೋವಿನ ಜಾಗ ಸರಿಯಾಗಿ ಹೇಳಲು ಬರುವುದಿಲ್ಲ. ಅಪೆಂಡಿಕ್ಸಿನ ನರ ಬೆನ್ನುಹುರಿಗೆ ಸೇರುವ ಜಾಗಕ್ಕೇ ಹೊಕ್ಕುಳ ಸುತ್ತಲಿನ ಚರ್ಮದ ನರವೂ ಸೇರುತ್ತದೆ. ಮಿದುಳು ಗೊಂದಲಗೊಂಡು ಹೊಕ್ಕುಳಲ್ಲೇ ನೋವು ಅನ್ನುತ್ತದೆ. ಕೆಲವು ಗಂಟೆಯ ಮೇಲೆ ಊತ ಹೊಟ್ಟೆಯ ಒಳಪದರಕ್ಕೆ ತಾಗುತ್ತದೆ. ಆ ಪದರಕ್ಕೆ ಜಾಗ ಚೆನ್ನಾಗಿ ಗೊತ್ತು. ಆಗ ನೋವು ಬಲಗಡೆ ಕೆಳಗೆ ಬಂದು ನಿಲ್ಲುತ್ತದೆ. ಹೀಗೆ ಜಾಗ ಬದಲಾಯಿಸಿದ ನೋವಿಗೆ ಹರಳೆಣ್ಣೆ, ಭೇದಿ ಮಾತ್ರೆ, ಹೊಟ್ಟೆ ಉಜ್ಜುವುದು ಯಾವುದೂ ಬೇಡ. ಊದಿದ ಅಪೆಂಡಿಕ್ಸ್ ಒಡೆಯಬಹುದು. ಹರಳೆಣ್ಣೆ ಕುಡಿಸದೆ ಇದ್ದದ್ದು ಒಳ್ಳೆಯದಾಯಿತು.

ಪ್ರಶ್ನೆ (ಅಡ್ಮಿನ್): ಕೊನೆಯದು ಮೇಡಂ. ಊಟದ ಜೊತೆ ನೀರು ಕುಡಿದರೆ ಜೀರ್ಣರಸ ತೆಳುವಾಗುತ್ತದೆ ಅಂತ ದಿನಾ ಒಂದು ಮೆಸೇಜ್ ಬರುತ್ತದೆ. ನಿಜವಾ?

ಉತ್ತರ: ಇಲ್ಲ. ಕುಡಿದ ನೀರು, ಎಂಜಲು, ಜಠರದ ರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನದನ್ನು ಸಣ್ಣಕರುಳು, ಉಳಿದದ್ದನ್ನು ದೊಡ್ಡಕರುಳು ವಾಪಸ್ ಹೀರಿಕೊಂಡು, ಮಲದಲ್ಲಿ ಹೊರಗೆ ಹೋಗುವುದು 100-200 ಮಿಲಿಲೀಟರ್ ಅಷ್ಟೆ. ಈ ಲೆಕ್ಕದ ಮುಂದೆ ನಿಮ್ಮ ಒಂದು ಲೋಟ ನೀರು ಏನೂ ಅಲ್ಲ. ಜಠರ ಬೇಕಾದಷ್ಟು ಆಮ್ಲ ಮತ್ತೆ ಸುರಿಸುತ್ತದೆ. ಎದೆ ಉರಿ ಇರುವವರು ಮಾತ್ರ ಊಟದ ಜೊತೆ ಹೊಟ್ಟೆ ಬಿರಿಯುವಷ್ಟು ಕುಡಿಯದಿದ್ದರೆ ಸಾಕು. ಮೆಸೇಜ್ ಡಿಲೀಟ್ ಮಾಡಿ, ಫಾರ್ವರ್ಡ್ ಮಾಡಿದವರಿಗೆ ಇದನ್ನು ಕಳಿಸಿ.